ಕಾಶ್ಮೀರದಿಂದ ಕಲ್ಯಾಣಕ್ಕೆ, ಹುಮನಾಬಾದಿನಿಂದ ಸ್ಟುಟ್‌ಗಾರ್ಟ್‌ಗೆ

ಬೀದರ್ ಕಡೆ ಟೂರ್ ಬರುವವರು ಸಾಮಾನ್ಯವಾಗಿ ಬಸವಕಲ್ಯಾಣದ 108 ಅಡಿಯ ಬಸವಣ್ಣನ ಮೂರ್ತಿ ಮುಂದೆ ಫೋಟೊ ತೆಗೆಸಿಕೊಳ್ತಾರೆ, ಕೋಟೆ ನೋಡ್ತಾರೆ, ಹುಮನಾಬಾದಿನ ಮಾಣಿಕನಗರದಲ್ಲಿ ದರ್ಶನ ಮಾಡಿ ಹೈದರಾಬಾದ್ ರಸ್ತೆ ಹಿಡೀತಾರೆ. ನಾನು ಹುಮನಾಬಾದಿನವನೇ. ಮೂರು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಈ ಸಲ ರಜೆಗೆ ಬಂದಾಗ ನಾವು ಸುತ್ತಿದ ಜಾಗಗಳು ಬೇರೆ, ಕಾರಣವೂ ಬೇರೆ. ಮುಂದಿನ ತಿಂಗಳು ಹೆಂಡತಿಯೂ ನನ್ನ ಜೊತೆ ಹೊರಡ್ತಿದ್ದಾಳೆ. ಅವಳು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ನನ್ನ ಕೆಲಸಕ್ಕೆ ದೇಶ ಯಾವುದಾದರೂ ನಡೆಯುತ್ತೆ. ಆದರೆ ಕನ್ನಡ ಮೇಷ್ಟ್ರಿಗೆ ಸ್ಟುಟ್‌ಗಾರ್ಟ್‌ನಲ್ಲಿ ಏನು ಕೆಲಸ? ಈ ಪ್ರಶ್ನೆ ನಮ್ಮಿಬ್ಬರ ನಡುವೆ ಆರು ತಿಂಗಳಿಂದ ಇದೆ. "ದೂರದಿಂದ ಬಂದು ಇಲ್ಲಿ ನೆಲೆ ನಿಂತೋರ ಜಾಗ ನೋಡಿ ಹೋಗೂಣ್ರಿ" ಅಂದವಳು ಅವಳೇ.

ನೆಲೆ ನಿಂತವರಿಗೆ ಇಲ್ಲಿ ಬರವಿಲ್ಲ. ಹನ್ನೆರಡನೇ ಶತಮಾನದ ಕಲ್ಯಾಣ ಅಂದರೆ ಹೊರಗಿನವರ ಊರು ಅಂತಲೇ ಹೇಳಬೇಕು. ಬಸವಣ್ಣನೇ ಬಾಗೇವಾಡಿಯಲ್ಲಿ ಹುಟ್ಟಿ, ಕೂಡಲಸಂಗಮದಲ್ಲಿ ಓದಿ, ಈಗ ಸೊಲ್ಲಾಪುರ ಜಿಲ್ಲೆಯಲ್ಲಿರುವ ಮಂಗಳವೇಢೆಯಲ್ಲಿ ಕೆಲಸ ಮಾಡಿ ಇಲ್ಲಿಗೆ ಬಂದವನು. ಅಲ್ಲಮ ಬಳ್ಳಿಗಾವೆಯವನು, ಅಕ್ಕಮಹಾದೇವಿ ಉಡುತಡಿಯವಳು. ಮರುಳಶಂಕರದೇವ ಅಫ್ಘಾನಿಸ್ತಾನದ ಕಡೆಯಿಂದ ಬಂದವನು ಅಂತ ಪರಂಪರೆ ಹೇಳುತ್ತೆ. ಅವನು ಬಸವಣ್ಣನ ಮಹಾಮನೆಯಲ್ಲೇ 12 ವರ್ಷ ಇದ್ದರೂ ಯಾರ ಕಣ್ಣಿಗೂ ಬೀಳಲಿಲ್ಲವಂತೆ. ಕೊನೆಗೆ ಗುರುತಿಸಿದ್ದು ಅಲ್ಲಮ, ಅವನೂ ಹೊರಗಿನವನೇ. ಈ ಕಥೆಯನ್ನು ಶಾಲೆಯಲ್ಲಿ ಭಕ್ತಿಯ ಉದಾಹರಣೆ ಅಂತ ಕೇಳಿದ್ದೆ. ಸ್ಟುಟ್‌ಗಾರ್ಟ್‌ನ ಟ್ರಾಮ್‌ನಲ್ಲಿ ದಿನಾ ಅದೇ ಮುಖಗಳನ್ನು ನೋಡುತ್ತಾ, ಯಾರ ಹೆಸರೂ ಗೊತ್ತಿಲ್ಲದೆ ಓಡಾಡಿದ ಮೇಲೆ ಅದು ನನಗೆ ಬೇರೆ ಥರ ಕೇಳಿಸುತ್ತೆ.

ಶರಣರಿಗಿಂತ ಮೊದಲೂ ಈ ಊರಿಗೆ ಒಬ್ಬ ಕಾಶ್ಮೀರಿ ಬಂದಿದ್ದ. ಹೆಸರು ಬಿಲ್ಹಣ. ಶ್ರೀನಗರದ ಹತ್ತಿರದ ಖೋನಮುಖ ಅವನ ಊರು. ಮಥುರಾ, ಕನೌಜ್, ಪ್ರಯಾಗ, ಕಾಶಿ, ಗುಜರಾತ್ ಎಲ್ಲಾ ಸುತ್ತಿ ಕಲ್ಯಾಣಕ್ಕೆ ಬಂದ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೇ ವಿಕ್ರಮಾದಿತ್ಯ ಅವನಿಗೆ 'ವಿದ್ಯಾಪತಿ' ಪದವಿ ಕೊಟ್ಟ. ಆನೆ, ಛತ್ರಿ, ಎಲ್ಲ ಮರ್ಯಾದೆಯೂ ಸಿಕ್ಕಿತು. ಈಗಿನ ಭಾಷೆಯಲ್ಲಿ ಹೇಳೋದಾದರೆ ಒಳ್ಳೆ ಪ್ಯಾಕೇಜ್. ಆದರೂ ರಾಜನ ಮೇಲೆ ಬರೆದ ವಿಕ್ರಮಾಂಕದೇವಚರಿತದ ಕೊನೆಯ ಸರ್ಗದಲ್ಲಿ ಅವನು ಕೂತು ಬರೆಯೋದು ಕಾಶ್ಮೀರದ್ದು, ತನ್ನೂರಿನ ಕೇಸರಿ ಮತ್ತು ದ್ರಾಕ್ಷಿಯದ್ದು. ದಾರಿಯಲ್ಲಿ ಸಿಕ್ಕ ಗುಜರಾತಿಗಳ ಉಡುಪು, ಮಾತಿನ ಬಗ್ಗೆ ಗೊಣಗಿದ್ದೂ ಇದೆ, ಥೇಟ್ ನಮ್ಮ ಎನ್ನಾರೈ ವಾಟ್ಸಾಪ್ ಗ್ರೂಪ್ ಥರ! ಇನ್ನೊಂದು ಮಜಾ ಅಂದರೆ, ಮುಂದೆ ಕಾಶ್ಮೀರದಲ್ಲಿ ಕವಿಗಳನ್ನು ಪ್ರೀತಿಸುವ ಹರ್ಷ ರಾಜನಾದ ಅಂತ ಕೇಳಿ, ಇಲ್ಲಿನ ವೈಭವವೆಲ್ಲ ಮೋಸ ಅನ್ನಿಸಿತಂತೆ ಬಿಲ್ಹಣನಿಗೆ. ಇದನ್ನು ಬರೆದವನು ರಾಜತರಂಗಿಣಿಯ ಕಲ್ಹಣ. ಕಂಪನಿ ಬಿಟ್ಟ ಮೇಲೆ ಅಲ್ಲಿ ಬೋನಸ್ ಕೊಟ್ಟರು ಅಂತ ಗೊತ್ತಾದಾಗಿನ ಸಂಕಟ ಒಂಬೈನೂರು ವರ್ಷ ಹಳೆಯದು ನೋಡಿ.

ಎರಡನೇ ಕಾಶ್ಮೀರಿ ಮೋಳಿಗೆಯ ಮಾರಯ್ಯ. ಅವನನ್ನು ನೋಡಲು ಹುಮನಾಬಾದ್ ತಾಲೂಕಿನ ಮೋಳಕೇರಾಕ್ಕೆ ಹೋಗಬೇಕು. ನಮ್ಮ ಮನೆಯಿಂದ ಬೈಕ್‌ನಲ್ಲಿ ಹೋದೆವು. ಎರಡೂ ಕಡೆ ತೊಗರಿ ಹೊಲ, ಕೆಂಪು ಕಲ್ಲಿನ ನೆಲ. ಇಲ್ಲಿ ಮಾರಯ್ಯನ ಹೆಸರಿನ ಗವಿ ಇದೆ. ಕೈಕಾಲು ತೊಳೆದು ಒಳಗೆ ಹೋದರೆ ತಂಪು, ಕತ್ತಲು, ಅಷ್ಟೇ. ಟೂರಿಸ್ಟ್ ದೃಷ್ಟಿಯಿಂದ ಹತ್ತು ನಿಮಿಷದ ಜಾಗ. ನಾವು ಒಂದು ತಾಸು ಕೂತೆವು.

ಪರಂಪರೆ ಹೇಳುವ ಕಥೆ ಇದು: ಕಾಶ್ಮೀರದ ಅರಸ, ಬಸವಣ್ಣನ ಸುದ್ದಿ ಕೇಳಿ ರಾಜ್ಯ ಬಿಟ್ಟು ರಾಣಿಯ ಜೊತೆ ಬಂದ. ಮಾರಯ್ಯ, ಮಹಾದೇವಿ ಅನ್ನೋದು ಇಲ್ಲಿ ಬಂದ ಮೇಲಿನ ಹೆಸರುಗಳು. ಅಡವಿಗೆ ಹೋಗಿ ಕಟ್ಟಿಗೆ ಕಡಿದು, ಹೊರೆ ಹೊತ್ತು ಮಾರಿ ಜೀವನ ಮಾಡಿದ. ಮೋಳಿಗೆ ಅಂದರೆ ಆ ಕಟ್ಟಿಗೆ ಹೊರೆಯೇ. ಒಮ್ಮೆ ಬಸವಣ್ಣ ಜಂಗಮನ ವೇಷದಲ್ಲಿ ಗುಡಿಸಲಿಗೆ ಬಂದು, ಮಹಾದೇವಿ ಕೊಟ್ಟ ಅಂಬಲಿ ಕುಡಿದು, ಬಡತನ ನೋಡಲಾಗದೆ ಹೊನ್ನಿನ ಗಂಟು ಬಿಟ್ಟು ಹೋದನಂತೆ. ಮಾರಯ್ಯನಿಗೆ ಅದು ಹಿಡಿಸಲಿಲ್ಲ, ಜಂಗಮರಿಗೆ ಕೊಟ್ಟುಬಿಟ್ಟ.

ನನಗೆ ಇದರಲ್ಲಿ ಹೊನ್ನಿಗಿಂತ ಭಾಷೆಯ ವಿಷಯ ದೊಡ್ಡದು. ಮಾರಯ್ಯನ ವಚನಗಳು 800ಕ್ಕೂ ಹೆಚ್ಚು ಸಿಕ್ಕಿವೆ, ಎಲ್ಲವೂ ಕನ್ನಡದಲ್ಲಿ. ಬಿಲ್ಹಣ ಕಲ್ಯಾಣದಲ್ಲಿದ್ದೂ ಬರೆದದ್ದು ಸಂಸ್ಕೃತದಲ್ಲಿ. ಅರಮನೆಯೊಳಗೆ ಅದೇ ಸಾಕು, ನಮ್ಮ ಆಫೀಸಿನಲ್ಲಿ ಇಂಗ್ಲಿಷ್ ಸಾಕಾಗುವ ಹಾಗೆ. ಆದರೆ ಕಟ್ಟಿಗೆ ಮಾರುವವನು ಸಂಸ್ಕೃತದಲ್ಲಿ ಚೌಕಾಸಿ ಮಾಡೋಕಾಗುತ್ತಾ? ಮಾರಯ್ಯ ಸಂತೆಯಲ್ಲೇ ಕನ್ನಡ ಕಲಿತಿರಬೇಕು ಅಂತ ನನ್ನ ಅಂದಾಜು.

ನನ್ನ ಜರ್ಮನ್ ಅಷ್ಟಿಷ್ಟು ಸುಧಾರಿಸಿದ್ದು ಮೆಟ್ಟಿಲ ಮೇಲೆ. ಸ್ಟುಟ್‌ಗಾರ್ಟ್ ಕಡೆ 'ಕೇರ್‌ವೋಖೆ' ಅಂತ ಒಂದು ಪದ್ಧತಿ ಇದೆ, ಗುಡಿಸುವ ವಾರ ಅಂತ ಅರ್ಥ. ಪಾಳಿ ಬಂದ ಮನೆಯ ಬಾಗಿಲಿಗೆ ಒಂದು ಬೋರ್ಡ್ ತೂಗುತ್ತೆ. ಆ ವಾರ ಮೆಟ್ಟಿಲು ಗುಡಿಸಿ ಒರೆಸೋದು ನಿಮ್ಮ ಕೆಲಸ, ನೀವು ಮ್ಯಾನೇಜರ್ ಆಗಿರಿ, ಡಾಕ್ಟರ್ ಆಗಿರಿ. ಹೋದ ಹೊಸತರಲ್ಲಿ ಎಲ್ಲವೂ ಕಾಗದದ ಕೆಲಸ: ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ, ವಿಮೆ, ಬ್ಯಾಂಕ್. ಎಷ್ಟೋ ಬಾಡಿಗೆ ಮನೆಗಳಲ್ಲಿ ಅಡುಗೆಮನೆ ಅಂದರೆ ಬರೀ ಗೋಡೆ ಮತ್ತು ನಲ್ಲಿ, ಒಲೆ-ಕಪಾಟು ನಾವೇ ತರಬೇಕು. ಭಾನುವಾರ ಅಂಗಡಿ ಬಂದ್. ಇದನ್ನೆಲ್ಲ ಗೂಗಲ್ ಹೇಳಿಕೊಡುತ್ತೆ. ಆದರೆ ನಾನು ಮೆಟ್ಟಿಲು ಒರೆಸುವಾಗ ಕೆಳಗಿನ ಮನೆಯ ಅಜ್ಜಿ ಹೊರಗೆ ಬಂದು, ಬಟ್ಟೆ ಹೀಗಲ್ಲ ಹಾಗೆ ಹಿಂಡು ಅಂತ ತೋರಿಸಿದ ದಿನದಿಂದ ಆ ಬಿಲ್ಡಿಂಗ್‌ನಲ್ಲಿ ನನಗೆ ಒಂದು ಹೆಸರು ಬಂತು.

ಇದನ್ನು ಗವಿಯ ಹೊರಗೆ ಕೂತು ಹೆಂಡತಿಗೆ ಹೇಳಿದೆ. ಅವಳು ಸುಮ್ಮನೆ ಕೇಳಿ, "ಅರಸ ಕಟ್ಟಿಗಿ ಮಾರ್ದ ಅಂತ ಎಲ್ಲಾರೂ ಹೇಳ್ತಾರ. ರಾಣಿಗಿ ಅಂಬಲಿ ಮಾಡ್ಲಾಕ ಯಾರು ಕಲಿಸಿದ್ರು ಅಂತ ಯಾರರೇ ಕೇಳ್ಯಾರೇನ್ರಿ?" ಅಂದಳು.

ನಾನು ಉತ್ತರ ಹೇಳಲಿಲ್ಲ. ಅಂಬಲಿ ನಮ್ಮ ಕಡೆಯ ಎಳ್ಳ ಅಮಾವಾಸ್ಯೆಯ ಊಟ. ಜೋಳದ ಹಿಟ್ಟು, ಮಜ್ಜಿಗೆ, ಅದರ ಹುಳಿಯ ಹದ, ಎಲ್ಲ ಕೈಗೆ ಬರಬೇಕು. ಕಾಶ್ಮೀರದ ಅನ್ನ ಉಂಡು ಬೆಳೆದವಳಿಗೆ ಯಾರೋ ಪಕ್ಕದ ಗುಡಿಸಲಿನ ಹೆಂಗಸು ತೋರಿಸಿಕೊಟ್ಟಿರಬೇಕು. "ಅಷ್ಟೇ ಅಲ್ರಿ, ಅಕಿನೂ ವಚನ ಬರದಾಳ" ಅಂತ ಅವಳೇ ಸೇರಿಸಿದಳು.

ವಾಪಸ್ ಬರುವಾಗ ಜಲಸಂಗಿಗೆ ಹೋದೆವು. ಚಾಲುಕ್ಯರ ಗುಡಿ, ಹೊರಗೋಡೆ ತುಂಬ ಮದನಿಕೆಯರು. ಅವರಲ್ಲಿ ಒಬ್ಬಳು ನಮ್ಮ ಕಡೆ ಬೆನ್ನು ಮಾಡಿ ಕಲ್ಲಿನ ಮೇಲೆ ಬರೆಯುತ್ತಿದ್ದಾಳೆ, ಅದೇ ವಿಕ್ರಮಾದಿತ್ಯನ ಹೊಗಳಿಕೆ. ಹೆಂಡತಿ ಅವಳ ಮುಂದೆ ತುಂಬಾ ಹೊತ್ತು ನಿಂತಳು. ಫೋಟೊ ತೆಗೆಯಲಿಲ್ಲ.

ನನ್ನ ವೀಸಾ ಬ್ಲೂ ಕಾರ್ಡ್ ಆಗಿರೋದರಿಂದ ಅವಳಿಗೆ ಭಾಷೆಯ ಪರೀಕ್ಷೆ ಕಡ್ಡಾಯ ಅಲ್ಲ, ಹೋದ ದಿನದಿಂದ ಕೆಲಸ ಮಾಡುವ ಹಕ್ಕೂ ಇದೆ. ಯಾವ ಕೆಲಸ ಅನ್ನೋದು ಇನ್ನೂ ತಿಳಿದಿಲ್ಲ. ಮೋಳಕೇರಾದಿಂದ ಬಂದ ಮೇಲೆ ಅವಳು ಫೋನಿನಲ್ಲಿ ಜರ್ಮನ್ ಅಂಕಿ ಕಲಿಯಲು ಶುರು ಮಾಡಿದ್ದಾಳೆ. ಅಲ್ಲಿ ಇಪ್ಪತ್ತೊಂದಕ್ಕೆ 'ಒಂದು ಮತ್ತು ಇಪ್ಪತ್ತು' ಅನ್ನಬೇಕು. ಹುಮನಾಬಾದ್ ಬಜಾರಿನಲ್ಲಿ ಬದನೆಕಾಯಿ ರೇಟು ಕೇಳಿ ಬಾಯೊಳಗೇ ತಿರುಗಿಸಿ ನೋಡ್ತಾಳೆ. ಅವ್ವ ಸೂಟ್‌ಕೇಸ್‌ಗೆ ಜೋಳದ ಹಿಟ್ಟು ತುಂಬಲತ್ತಾಳ, 23 ಕೆ.ಜಿ. ಲೆಕ್ಕ ಅವಳಿಗೆ ಒಪ್ಪಿಗೆ ಇಲ್ಲ. ನಿನ್ನೆ ರಾತ್ರಿ ತೂಕ ಮಾಡುವಾಗ ಹೆಂಡತಿ ಕೇಳಿದಳು: "ಆ ಗುಡಿಸೋ ಬೋರ್ಡು ನಮ್ ಬಾಗಲಿಗೆ ಯಾವ ವಾರ ಬರ್ತದ್ರಿ? ಆ ವಾರ ನಾನೇ ಮಾಡ್ತೀನಿ."