ಹಾಡಿದವರ ಹೆಸರು

(ಬಿ.ಎ. ಅಂತಿಮ ವರ್ಷ)

ನಮ್ಮ ಕಡೆಗೆ ಹೆಸರು ಹಾಕಿಸುವ ರೂಢಿ ಬಹಳ. ಮದುವೆಯಲ್ಲಿ ಆಯೇರಿ ಮಾಡಿದ ತಂಬಿಗೆಯ ಕಂಠದ ಮೇಲೆ ಕೊಟ್ಟವರ ಹೆಸರಿರುತ್ತದೆ. ಗುಡಿಯ ಮೆಟ್ಟಿಲಿಗೆ ಹಾಸಿದ ಪರ್ಸಿಯ ಮೇಲೆ ಸೇವೆ ಸಲ್ಲಿಸಿದವರ ಹೆಸರಿರುತ್ತದೆ. ಸಾಲೆಯ ಗೋಡೆಯ ಗಡಿಯಾರ ನಿಂತು ಎಷ್ಟೋ ವರ್ಷಗಳಾದರೂ ಅದನ್ನು ಕೊಟ್ಟವರ ಹೆಸರು ಮಾತ್ರ ನಿಂತಿರುವದಿಲ್ಲ. ವಸ್ತುವಿಗೆ ಮೈಯಿದೆ, ಆದ್ದರಿಂದ ಹೆಸರು ಕೊರೆಯಲು ಜಾಗವಿದೆ. ಹಾಡಿಗೆ ಮೈ ಎಲ್ಲಿದೆ? ಬಾಯಿಂದ ಹೊರಟು ಕಿವಿಯಲ್ಲಿ ಮುಗಿಯುವ ಅದರ ಮೇಲೆ ಹಾಡಿದವರ ಹೆಸರನ್ನು ಎಲ್ಲಿ ಬರೆಯಬೇಕು? ಈ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಲಿಲ್ಲ, ಮನೆಯ ಟಿ.ವ್ಹಿ.ಯಿಂದ ಹುಟ್ಟಿತು. ಅದರ ಕಥೆಯನ್ನು ಗೆಳೆಯರ ಮುಂದಿಡುತ್ತೇನೆ.

ನಮ್ಮೂರು ಮೋರಟಗಿ; ಸಿಂದಗಿಯಿಂದ ಜೇವರ್ಗಿಗೆ ಹೋಗುವ ಬಸ್ಸಿನಲ್ಲಿ ಕುಳಿತವರೆಲ್ಲ ಕಿಟಕಿಯಿಂದ ನೋಡಿದ ಊರು. ನಮ್ಮ ಮುತ್ಯಾ ಅಲ್ಲಿಯ ಭಜನಾ ಮೇಳದಲ್ಲಿ ಹಾಡುತ್ತಿದ್ದರು. ಕಡಕೋಳ ಮಡಿವಾಳಪ್ಪನವರ ತತ್ವಪದಗಳೂ ಶಿಶುನಾಳ ಶರೀಫಸಾಹೇಬರ ಪದಗಳೂ ಅವರ ನಾಲಗೆಯ ಮೇಲಿದ್ದವು. ಅಮಾವಾಸ್ಯೆಯ ರಾತ್ರಿ ನಡೆಯುವ ಭಜನೆಯನ್ನು ಯಾರೋ ಟೇಪಿನಲ್ಲಿ ಹಿಡಿದಿಟ್ಟಿದ್ದರು. ಅಂಥ ಹನ್ನೊಂದು ಕ್ಯಾಸೆಟ್ಟುಗಳು ನಮ್ಮ ಮನೆಯ ಟ್ರಂಕಿನಲ್ಲಿ ಉಳಿದಿದ್ದವು. ನಾನು ಐದನೆಯ ಇಯತ್ತೆಯಲ್ಲಿದ್ದಾಗ ಮುತ್ಯಾ ತೀರಿಕೊಂಡರು. ಕ್ಯಾಸೆಟ್ಟಿನ ಮೇಲಿನ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದದ್ದು ಅದಕ್ಕೂ ಮುಂಚೆಯೇ ಅಳಿಸಿಹೋಗಿತ್ತು.

ಕಳೆದ ಬೇಸಿಗೆಯ ಸೂಟಿಯಲ್ಲಿ ಅವುಗಳನ್ನು ಕಂಪ್ಯೂಟರಿಗೆ ಇಳಿಸಿದೆನು. ಈ ಕೆಲಸಕ್ಕೆ ಅವಸರ ನಡೆಯುವದಿಲ್ಲ. ಅರವತ್ತು ನಿಮಿಷದ ಕ್ಯಾಸೆಟ್ಟು ಇಳಿಯಲು ಅರವತ್ತು ನಿಮಿಷವೇ ಬೇಕು. ಸಿಂದಗಿಯಲ್ಲಿ ಕೊಂಡ ಹಳೆಯ ಕಂಪ್ಯೂಟರಿಗೆ ಒಂದು ಉಚಿತ ತಂತ್ರಾಂಶವನ್ನು ಹಾಕಿ ಅದನ್ನು ಹಾಡಿನ ಕಣಜವನ್ನಾಗಿ ಮಾಡಿದೆನು. ಇಂಥ ಕಣಜಕ್ಕೆ ಸರ್ವರ್ ಎನ್ನುತ್ತಾರೆ. ಮನೆಯ ವೈಫೈಯ ಮೂಲಕ ಹಾಡು ಅಲ್ಲಿಂದ ಹೊರಟು, ಪುಣೆಯಲ್ಲಿ ದುಡಿಯುವ ಅಣ್ಣ ಕೊಂಡುಕೊಟ್ಟ ಟಿ.ವ್ಹಿ.ಯಲ್ಲಿ ಕೇಳಿಸುತ್ತದೆ. ಬೇರೆ ಬೇರೆ ಕಂಪನಿಗಳ ಯಂತ್ರಗಳು ಒಂದರ ಮಾತು ಒಂದಕ್ಕೆ ತಿಳಿಯಲೆಂದು ೨೦೦೩ರಲ್ಲಿ ಹಲವು ಕಂಪನಿಗಳು ಸೇರಿ ಡಿ.ಎಲ್.ಎನ್.ಎ. ಎಂಬ ಒಕ್ಕೂಟವನ್ನು ಕಟ್ಟಿದವು. ೨೦೧೭ರಲ್ಲಿ ಒಕ್ಕೂಟವು ವಿಸರ್ಜನೆಯಾಯಿತು. ಅದು ಕಲಿಸಿದ ಭಾಷೆ ಮಾತ್ರ ಯಂತ್ರಗಳಲ್ಲಿ ಉಳಿದಿದೆ.

ಮೊದಲನೆಯ ಸಂಜೆ ಮುತ್ಯಾನ ದನಿ ಪಡಸಾಲೆಯಲ್ಲಿ ತುಂಬಿತು. ಅವ್ವ ರೊಟ್ಟಿ ಬಡಿಯುವದನ್ನು ಬಿಟ್ಟು ಎದ್ದು ಬಂದಳು. ಅಪ್ಪ ಟಿ.ವ್ಹಿ.ಯ ಪರದೆಯನ್ನೇ ದಿಟ್ಟಿಸುತ್ತಿದ್ದರು. ಅಲ್ಲಿ ಇಂಗ್ಲಿಷಿನಲ್ಲಿ ಎರಡು ಶಬ್ದಗಳಿದ್ದವು: ‘ಅನ್‌ನೋನ್ ಆರ್ಟಿಸ್ಟ್’.

“ಏನ್ ಬರದೈತ್ಯೋ ತಮ್ಮಾ ಅದು?”

“ಹಾಡಿದವರು ಯಾರೋ ಗೊತ್ತಿಲ್ಲ ಅಂತ ಬರದೈತಿ, ಅಪ್ಪಾ.”

“ಯಾರಿಗೆ ಗೊತ್ತಿಲ್ಲ?”

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ದನಿಯನ್ನು ಯಂತ್ರವು ಗೊತ್ತಿಲ್ಲವೆಂದು ಸಾರುತ್ತಿತ್ತು. ಅಪ್ಪ ನಾಲ್ಕನೆಯ ಇಯತ್ತೆಯವರೆಗೆ ಕಲಿತವರು. ಅವ್ವ ಸಾಲೆಯ ಕಟ್ಟೆಯನ್ನು ಹತ್ತಿದವಳಲ್ಲ. ನಮ್ಮ ಮನೆತನದಲ್ಲಿ ಕಾಲೇಜ ಕಂಡವನು ನಾನೊಬ್ಬನೇ. ಆದ್ದರಿಂದ ಈ ಮಾತನ್ನು ತಿದ್ದುವ ಕೆಲಸವೂ ನನ್ನದೇ ಆಯಿತು.

ಕಾಲುವೆಯ ಬಾಲದ ಹೊಲಕ್ಕೆ ನೀರು ಬಾರದಿದ್ದರೆ ರೈತನು ಏನು ಮಾಡುತ್ತಾನೆ? ಹೊಲದಲ್ಲಿ ನಿಂತು ಬೈಯುವದಿಲ್ಲ. ಗೇಟಿನವರೆಗೆ ನಡೆದುಹೋಗಿ, ಮೂಲದಲ್ಲಿ ನೀರಿದೆಯೇ, ನಡುವೆ ಒಡೆದಿದೆಯೇ, ತನ್ನ ಬದುವಿನಲ್ಲಿಯೇ ಹೂಳು ತುಂಬಿದೆಯೇ ಎಂದು ನೋಡುತ್ತಾನೆ. ಹಾಡಿನ ಹೆಸರನ್ನು ಹುಡುಕುವ ರೀತಿಯೂ ಇದೇ. ಮೂಲವೆಂದರೆ ಹಾಡಿನ ಕಡತ. ನಡುವೆ ಸರ್ವರ್ ಕಟ್ಟಿಕೊಂಡ ಪಟ್ಟಿ. ಬಾಲವೆಂದರೆ ಟಿ.ವ್ಹಿ.ಯ ಪರದೆ. ಈ ಮೂರರಲ್ಲಿ ಎಲ್ಲಿ ಕಟ್ಟಿದರೂ ಪರದೆಯ ಮೇಲೆ ಕಾಣುವ ಬರಿದು ಒಂದೇ ಬಗೆಯದು.

ಮೊದಲು ಮೂಲದ ಮಾತು. ಹಾಡಿನ ಕಡತದೊಳಗೆ ಹೆಸರಿಗಾಗಿ ಒಂದು ಚೀಟಿಯಿರುತ್ತದೆ. ಅದಕ್ಕೆ ಟ್ಯಾಗ್ ಎನ್ನುತ್ತಾರೆ. ಎಂ.ಪಿ.೩ ಕಡತಗಳಿಗೆ ಇಂಥ ಚೀಟಿಯನ್ನು ೧೯೯೬ರಲ್ಲಿ ಎರಿಕ್ ಕೆಂಪ್ ಎಂಬವನು ರೂಪಿಸಿದನು. ಅದು ಹಾಡಿನ ತುದಿಗೆ ಅಂಟಿಸಿದ ಕೇವಲ ೧೨೮ ಬೈಟುಗಳ ಚೀಟಿ. ಹಾಡಿನ ಹೆಸರಿಗೆ ೩೦, ಹಾಡಿದವರಿಗೆ ೩೦, ಸಂಗ್ರಹದ ಹೆಸರಿಗೆ ೩೦ ಬೈಟುಗಳು. ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟಿನಲ್ಲಿ ಕೂಡ್ರುತ್ತದೆ. ಕನ್ನಡವು ಯುನಿಕೋಡಿನ ಯು.ಟಿ.ಎಫ್.-೮ ಪದ್ಧತಿಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಪ್ರತಿಯೊಂದು ಗುಣಿತದ ಚಿಹ್ನೆಗೂ ಮೂರು ಮೂರು ಬೈಟು ಬೇಡುತ್ತದೆ. ಲೆಕ್ಕ ಹಾಕಿ ನೋಡಿದೆನು: ‘ಶಿಶುನಾಳ ಶರೀಫ’ ಎಂದು ಬರೆಯಲು ೩೪ ಬೈಟು ಬೇಕು. ಶರೀಫಸಾಹೇಬರು ಆ ಚೀಟಿಯಲ್ಲಿ ಹಿಡಿಸುವದಿಲ್ಲ! ೧೯೯೮ರಿಂದ ಮುಂದೆ ಬಂದ ಎರಡನೆಯ ಬಗೆಯ ಚೀಟಿಯು ಹಾಡಿನ ಮೊದಲಿಗೇ ಕೂಡ್ರುತ್ತದೆ. ಅದರಲ್ಲಿ ಉದ್ದದ ಹೆಸರಿಗೂ ಯುನಿಕೋಡ್ ಅಕ್ಷರಗಳಿಗೂ ಜಾಗವಿದೆ. ಹೊಸದಾಗಿ ಬರೆಯುವವರು ಎರಡನೆಯದರಲ್ಲಿಯೇ ಬರೆಯಬೇಕು.

ಕಣಜದಲ್ಲಿದ್ದ ಸಿನೇಮಾ ಹಾಡುಗಳ ಚೀಟಿಗಳನ್ನು ತೆರೆದಾಗ ಕೆಲವಕ್ಕೆ ಹೆಸರಿತ್ತು. ಕೆಲವಕ್ಕೆ ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ರಾಶಿಯಿತ್ತು. ಇವು ಯುನಿಕೋಡ್ ಬಳಕೆಗೆ ಬರುವ ಮುಂಚೆ ಯಾರೋ ಹಳೆಯ ಕನ್ನಡ ಫಾಂಟಿನಲ್ಲಿ ಟೈಪು ಮಾಡಿದ ಹೆಸರುಗಳು. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ಆಕಾರವನ್ನು ಕೂಡ್ರಿಸಿದ್ದವು; ಫಾಂಟು ಇಲ್ಲದ ಕಡೆಗೆ ಕನ್ನಡ ಎದ್ದುಹೋಗಿ ಮನೆ ಮಾತ್ರ ಕಾಣುತ್ತದೆ. ಅವನ್ನು ಮತ್ತೆ ಬರೆಯುವದೊಂದೇ ಹಾದಿ. ಹೆಸರೇ ಇಲ್ಲದ ಸಿನೇಮಾ ಹಾಡಿಗೂ ಉಪಾಯವಿದೆ. ದನಿಯ ಹೆಬ್ಬೆಟ್ಟಿನ ಗುರುತನ್ನು ತೆಗೆದು ಅಂತರ್ಜಾಲದ ದೊಡ್ಡ ಕೋಠಿಗೆ ಹೊಂದಿಸಿ ಹೆಸರನ್ನು ತರುವ ತಂತ್ರಾಂಶಗಳಿವೆ.

ನಡುವಿನ ಕಾಲುವೆಗೆ ಬಂದರೆ, ಸರ್ವರ್ ಪ್ರತಿಸಲ ಕಡತವನ್ನು ತೆರೆದು ಓದುವದಿಲ್ಲ. ಒಮ್ಮೆ ಓದಿ ಬರೆದಿಟ್ಟುಕೊಂಡ ಪಟ್ಟಿಯಿಂದಲೇ ಹೇಳುತ್ತದೆ. ಚೀಟಿಯನ್ನು ತಿದ್ದಿದ ಮೇಲೂ ಹಳೆಯ ಹೆಸರೇ ಬರುತ್ತಿದ್ದರೆ ಪಟ್ಟಿಯನ್ನು ಹೊಸದಾಗಿ ಕಟ್ಟಿಸಬೇಕು. ಇನ್ನೊಂದು ಸೂಕ್ಷ್ಮವಿದೆ. ಮೊಬಾಯಿಲಿನಿಂದ ಹಾಡನ್ನು ಆರಿಸಿ ಟಿ.ವ್ಹಿ.ಗೆ ಕಳಿಸುವಾಗ ಹಾಡಿನ ವಿಳಾಸವನ್ನೂ ಹೆಸರನ್ನೂ ಕಳಿಸುವ ಕೆಲಸ ಮೊಬಾಯಿಲಿನದು. ಕೆಲವು ಆ್ಯಪುಗಳು ವಿಳಾಸವನ್ನಷ್ಟೇ ಕಳಿಸುತ್ತವೆ. ಆಗ ಚೀಟಿ ಸರಿಯಿದ್ದರೂ ಪಟ್ಟಿ ಸರಿಯಿದ್ದರೂ ಪರದೆ ಬರಿದಾಗಿರುತ್ತದೆ. ಆ್ಯಪನ್ನು ಬದಲಿಸಿ ನೋಡಿದರೆ ತಿಳಿಯುತ್ತದೆ.

ಕೊನೆಗೆ ಬಾಲದ ಹೊಲ. ನಮ್ಮ ಟಿ.ವ್ಹಿ.ಗೆ ಕನ್ನಡ ಲಿಪಿಯೇ ಬಾರದು. ಸರಿಯಾಗಿ ಬರೆದ ಹೆಸರೂ ಅಲ್ಲಿ ಚೌಕಟ್ಟುಗಳ ಸಾಲಾಗಿ ಕಾಣುತ್ತಿತ್ತು. ಅಪ್ಪನು ಇಂಗ್ಲಿಷ್ ಓದಲಾರರೆಂದು ಇದಕ್ಕೊಂದು ಹಾದಿ ಹುಡುಕಿದೆನು. ಚೀಟಿಯ ಸಂಗಡ ಒಂದು ಚಿತ್ರವನ್ನೂ ಇಡಬಹುದು. ಸಂಗ್ರಹದ ಮುಖಪುಟಕ್ಕಾಗಿ ಮಾಡಿದ ಏರ್ಪಾಡು ಅದು. ಬಿಳಿಯ ಹಾಳೆಯ ಮೇಲೆ ದಪ್ಪ ಅಕ್ಷರದಿಂದ ಮುತ್ಯಾನ ಹೆಸರು ಬರೆದು, ಫೋಟೋ ತೆಗೆದು, ಮುಖಪುಟವನ್ನಾಗಿ ಇಟ್ಟೆನು. ಲಿಪಿ ಬಾರದ ಯಂತ್ರವೂ ಚಿತ್ರವನ್ನು ಚಿತ್ರವೆಂದೇ ತೋರಿಸುತ್ತದೆ. ಅಪ್ಪ ಅಕ್ಷರ ಕೂಡಿಸಿ ಕೂಡಿಸಿ ಓದಿದರು. ಅವ್ವ ಮಾತ್ರ, “ನನಗೇನ್ ತಿಳಿತೈತಿ ಅದು? ಮಾಮಾರ ಫೋಟೋನೇ ಇಡು,” ಎಂದಳು. ದೇವರ ಕೋಣೆಯ ಗೋಡೆಯ ಮೇಲಿನ ಮುತ್ಯಾನ ಭಾವಚಿತ್ರವು ಹೆಸರಿನ ಮೇಲ್ಗಡೆಗೆ ಬಂದಿತು. ಓದಬಲ್ಲವರಿಗೆ ಹೆಸರು, ಓದಲಾರದವರಿಗೆ ಮುಖ.

ಇಷ್ಟೆಲ್ಲ ಆದರೂ ನಿಜವಾದ ಕೆಲಸ ಉಳಿದೇ ಇತ್ತು. ಭಜನೆಯ ಕ್ಯಾಸೆಟ್ಟುಗಳಲ್ಲಿ ಮುತ್ಯಾ ಒಬ್ಬರೇ ಹಾಡಿರಲಿಲ್ಲ. ಉಳಿದವರು ಯಾರು? ಜಗತ್ತಿನ ಯಾವ ಕೋಠಿಯಲ್ಲಿಯೂ ಮೋರಟಗಿಯ ಭಜನೆಯ ಹೆಬ್ಬೆಟ್ಟಿನ ಗುರುತಿಲ್ಲ.

ಹಾಡಿನ ಮೇಲೆ ಹೆಸರು ಬರೆಯುವದು ನಮ್ಮ ಹಿರಿಯರಿಗೆ ಹೊಸದಲ್ಲವೆಂಬುದು ಆಗ ಹೊಳೆಯಿತು. ನಮ್ಮ ಜಿಲ್ಲೆಯ ಬಾಗೇವಾಡಿಯ ಬಸವಣ್ಣನವರು ‘ಕೂಡಲಸಂಗಮದೇವ’ ಎಂದರೆ, ಅಲ್ಲಮರು ‘ಗುಹೇಶ್ವರ’ ಎಂದರೆ, ವಚನವು ಯಾರದೆಂದು ಕೇಳಬೇಕಾಗಿಲ್ಲ. ಪುರಂದರದಾಸರಿಗೆ ‘ಪುರಂದರ ವಿಠಲ’, ಶರೀಫರಿಗೆ ‘ಶಿಶುನಾಳಧೀಶ’. ಅಂಕಿತವು ಹೊರಗಿನಿಂದ ಅಂಟಿಸಿದ ಚೀಟಿಯಲ್ಲ. ಹಾಡಿನ ಮೈಯಲ್ಲಿಯೇ ನೆಯ್ದ ಅಂಚು. ಕಡತ ಬದಲಾದರೂ ಯಂತ್ರ ಬದಲಾದರೂ ಅದು ಉದುರುವದಿಲ್ಲ. ಆದರೆ ಅಂಕಿತವು ಹೇಳುವದು ಕಟ್ಟಿದವರನ್ನು, ಹಾಡಿದವರನ್ನಲ್ಲ. ಹಾಡುವವರು ತಮ್ಮ ಹೆಸರನ್ನು ತಾವೇ ಹೇಳಿದ ಪ್ರಸಂಗವೂ ಇದೆ. ೧೯೦೨ರಲ್ಲಿ ಕಲಕತ್ತೆಯಲ್ಲಿ ಗ್ರಾಮೋಫೋನ್ ಕಂಪನಿಯವರು ಗೌಹರ್ ಜಾನರ ಹಾಡನ್ನು ಮುದ್ರಿಸಿದಾಗ, ಹಾಡು ಮುಗಿದ ಕೂಡಲೆ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆಗಳು ಸಿದ್ಧವಾಗುತ್ತಿದ್ದದ್ದು ಜರ್ಮನಿಯಲ್ಲಿ. ಅಲ್ಲಿಯವರಿಗೆ ಯಾರ ಹಾಡೆಂದು ತಿಳಿಯಬೇಕಲ್ಲ! ನಮ್ಮ ಗಂಗೂಬಾಯಿ ಹಾನಗಲ್ಲರ ೧೯೩೦ರ ದಶಕದ ಮೊದಲ ತಟ್ಟೆಗಳ ಮೇಲೆ ಇದ್ದ ಹೆಸರು ‘ಗಾಂಧಾರಿ ಹುಬ್ಬಳ್ಳಿ’ ಎಂದು. ಎರಡೂ ಹೆಸರುಗಳನ್ನು ಕಂಪ್ಯೂಟರಿಗೆ ಕೊಟ್ಟರೆ ಅದು ಇಬ್ಬರು ಗಾಯಕಿಯರೆಂದು ಪಟ್ಟಿ ಮಾಡುತ್ತದೆ. ಒಬ್ಬರೇ ಎಂದು ಹೇಳಲು ಬಲ್ಲ ಮನುಷ್ಯನೇ ಬೇಕು.

ಆ ಬಲ್ಲ ಮನುಷ್ಯರನ್ನು ಹುಡುಕಿಕೊಂಡು, ಹಾಡುಗಳನ್ನು ಮೊಬಾಯಿಲಿನಲ್ಲಿ ಹಾಕಿಕೊಂಡು, ಒಂದು ನೋಟುಬುಕ್ಕಿನೊಡನೆ ಗುಡಿಯ ಕಟ್ಟೆಗೆ ಹೋದೆನು. ಮುತ್ಯಾನ ಸಂಗಡ ತಾಳ ಹಿಡಿದವರು ಇಬ್ಬರು ಉಳಿದಿದ್ದರು. ಅವರು ಕೇಳುವ ರೀತಿಯೇ ಬೇರೆ. ಒಬ್ಬರು ಕೆಮ್ಮಿನಿಂದ ಗುರುತಿಸಿದರು. ಇನ್ನೊಬ್ಬರು ಪಲ್ಲವಿಗೆ ಮರಳುವಾಗ ತಾಳವನ್ನು ಒಂದಿಷ್ಟು ಮುಂಚೆ ಬಡಿಯುವ ಕೈಯಿಂದ ಗುರುತಿಸಿದರು. ಮೂರು ಸಂಜೆಗಳಲ್ಲಿ ಹದಿನಾಲ್ಕು ಪದಗಳಿಗೆ ಹೆಸರು ದೊರೆತವು. ಐದು ಪದಗಳ ಮೇಲೆ ಇಬ್ಬರಿಗೂ ಜಗಳವಾಯಿತು. ಅವಕ್ಕೆ ಇಬ್ಬರೂ ಹೇಳಿದ ಹೆಸರುಗಳನ್ನು ಬರೆದು, ನಿಶ್ಚಯವಿಲ್ಲವೆಂದು ಸೇರಿಸಿದೆನು. ಎರಡು ಪದಗಳನ್ನು ಯಾರು ಹಾಡಿದರೆಂಬುದು ಇಬ್ಬರಿಗೂ ತಿಳಿಯಲಿಲ್ಲ. ಅಲ್ಲಿ ‘ಮೋರಟಗಿ ಭಜನಾ ಮೇಳ’ ಎಂದಷ್ಟೇ ಬರೆದೆನು. ತಪ್ಪು ಹೆಸರಿಗಿಂತ ಊರಿನ ಹೆಸರು ಲೇಸು.

ಆಯಿಯ ಬೀಸುವ ಪದಗಳು ಬೇರೆಯೇ ಒಂದು ತೊಡಕನ್ನು ತಂದವು. ಅವುಗಳಲ್ಲಿ ಅಂಕಿತವೂ ಇಲ್ಲ. ಹಾಡಿದವಳ ಹೆಸರೆಂದು ಆಯಿಯ ಹೆಸರನ್ನು ಬರೆಯಹೋದರೆ ಅವಳೇ ತಡೆದಳು: “ನನ್ನ ಹೆಸರ್ಯಾಕೋ ಯಪ್ಪಾ? ಹಾಡೇನ್ ನಂದ? ನಮ್ಮವ್ವ ಹಾಡ್ತಿದ್ಲು, ನಾ ಹಾಡೀನಿ.” ನಮ್ಮ ಜಿಲ್ಲೆಯ ಹಲಸಂಗಿಯ ಗೆಳೆಯರು ಇಂಥ ತ್ರಿಪದಿಗಳನ್ನು ಕೂಡಿಸಿ ೧೯೩೧ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ‘ಗರತಿಯ ಹಾಡು’ ಎಂದು ಹೆಸರಿಟ್ಟರು. ಒಬ್ಬಳದಲ್ಲದ ಹಾಡಿಗೆ ಒಬ್ಬಳ ಹೆಸರು ಒಪ್ಪದೆಂಬುದನ್ನು ಅವರು ಬಲ್ಲವರು. ನಾನು ಆಯಿಗೆ ಹೇಳಿದೆನು: “ಹಾಡು ನಿಂದಲ್ಲ, ಖರೆ. ದನಿ ನಿಂದೈತಲ್ಲ?” ಆಯಿ ಸುಮ್ಮನಾದಳು. ಕಟ್ಟಿದವರ ಜಾಗದಲ್ಲಿ ‘ಗರತಿಯರು’ ಎಂದೂ ಹಾಡಿದವರ ಜಾಗದಲ್ಲಿ ಅವಳ ಹೆಸರನ್ನೂ ಬರೆದೆನು. ಚೀಟಿಯಲ್ಲಿ ಎರಡಕ್ಕೂ ಬೇರೆ ಬೇರೆ ಮನೆಗಳಿವೆ.

“ಬಿ.ಎ. ಮಾಡಿ ಏನು ಮಾಡುತ್ತೀ?” ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಕೇಳದವರಿಲ್ಲ. ನೌಕರಿಯ ಮಾತನ್ನು ನಾನು ಬಲ್ಲೆನೆಂದು ಹೇಳಲಾರೆ. ಆದರೆ ನಮ್ಮಲ್ಲಿ ಬಹಳ ಜನರು ಮನೆಯಲ್ಲಿ ಮೊದಲು ಅಕ್ಷರ ಕಲಿತವರು. ನಮ್ಮ ಹಿಂದಿನವರು ಬೇಕಾದಷ್ಟು ಹಾಡಿದರು, ಬರೆದಿಡುವವರು ಮನೆಯಲ್ಲಿರಲಿಲ್ಲ. ಈಗ ಇದ್ದೇವೆ. ಗೆಳೆಯರೇ, ನಿಮ್ಮ ಮೊಬಾಯಿಲಿನಲ್ಲಿ ಅಜ್ಜಿಯದೋ ಕಾಕಾನದೋ ದನಿಯಿದ್ದು ಅದರ ಹೆಸರು ಬರೀ ಅಂಕಿಗಳ ಸಾಲಾಗಿದ್ದರೆ ಈ ಸೂಟಿಯಲ್ಲಿ ಅದನ್ನು ತೆರೆಯಿರಿ. ಯಾರು, ಯಾವ ಊರು, ಯಾವ ವರ್ಷ—ಇಷ್ಟನ್ನು ಕನ್ನಡದಲ್ಲಿ ಬರೆಯಿರಿ. ಒಂದು ಪ್ರತಿಯನ್ನು ನೋಟುಬುಕ್ಕಿನಲ್ಲಿಯೂ ಇಡಿರಿ. ಯಂತ್ರದ ಚೀಟಿ ಉದುರಿದರೂ ಅದು ಉಳಿದೀತು. ಕೇಳಿ ತಿಳಿದುಕೊಳ್ಳುವ ಕೆಲಸವನ್ನು ಮಾತ್ರ ಮುಂದೆ ಹಾಕಬೇಡಿರಿ. ಗುಡಿಯ ಕಟ್ಟೆಯ ಮೇಲೆ ನನಗೆ ಹೆಸರುಗಳನ್ನು ಹೇಳಿದ ಹಿರಿಯರಲ್ಲಿ ಒಬ್ಬರು ಈ ಸಲದ ದೀಪಾವಳಿಗೆ ಇರಲಿಲ್ಲ.