ಮೊಡವೆಯೂ ತಾಳ್ಮೆಯೂ

ಮನುಷ್ಯನಿಗೆ ಬರುವ ಬಾಧೆಗಳಲ್ಲಿ ಮೊಡವೆಯಷ್ಟು ಉಪದೇಶಕ್ಕೆ ಗುರಿಯಾದುದು ಇನ್ನೊಂದಿರಲಾರದು. ಜ್ವರ ಬಂದವನಿಗೆ ಔಷಧ ಹೇಳುವವರು ನಾಲ್ಕು ಮಂದಿಯಾದರೆ, ಮೊಡವೆ ಎದ್ದವಳಿಗೆ ಹೇಳುವವರು ನಲವತ್ತು ಮಂದಿ. ಕರಿದ ತಿಂಡಿ ಬಿಡು ಎನ್ನುವ ಸೋದರತ್ತೆ, ಜಾಯಿಕಾಯಿ ತೇಯ್ದು ಹಚ್ಚು ಎನ್ನುವ ಅಜ್ಜಿ, ನಿಂಬೆಯ ರಸ ಸವರು ಎನ್ನುವ ನೆರೆಮನೆಯಾಕೆ, ಮದುವೆಯಾದರೆ ತಾನೇ ಹೋಗುತ್ತದೆಂದು ನಗುವ ದೊಡ್ಡಪ್ಪ! ಯಾರ ಮಾತಿಗೂ ಶುಲ್ಕವಿಲ್ಲ; ಯಾರ ಮಾತಿಗೂ ಹೊಣೆಯೂ ಇಲ್ಲ. ಮುಖ ಮಾತ್ರ ಒಬ್ಬಳದು; ಬೆಳಗಾದರೆ ಕನ್ನಡಿಯ ಮುಂದೆ ನಿಲ್ಲಬೇಕಾದವಳೂ ಅವಳೊಬ್ಬಳೇ.

ಹಿರಿಯರು ಈ ಬಾಧೆಯನ್ನು ಹಗುರವಾಗಿ ಕಾಣುವುದು ಸಹಜ. ತಮಗೂ ಒಂದು ಕಾಲದಲ್ಲಿ ಬಂದಿತ್ತು, ಹೋಯಿತು ಎಂಬ ಸಮಾಧಾನ ಅವರದು. ಆದರೆ ಎಲ್ಲರ ಮೊಡವೆಯೂ ಗುರುತು ಉಳಿಸದೆ ಹೋಗುವುದಿಲ್ಲ. ಕೆಲವರ ಕೆನ್ನೆಯಲ್ಲಿ ಕುಳಿ ಉಳಿಯುತ್ತದೆ, ಕೆಲವರಿಗೆ ಕಪ್ಪು ಕಲೆ, ಇನ್ನು ಕೆಲವರಿಗೆ ದವಡೆಯಂಚಿನಲ್ಲಿ ಗಡುಸಾದ ಗಂಟು. ಗುಂಪಿನ ಛಾಯಾಚಿತ್ರ ತೆಗೆಯುವಾಗ ಹಿಂದಿನ ಸಾಲನ್ನೇ ಹುಡುಕುವ ತರುಣನಿಗೆ, ಬಿಸಿಲಿನ ನೆಪದಲ್ಲಿ ಸದಾ ಓಢಣಿಯಿಂದ ಮುಖ ಸುತ್ತಿಕೊಳ್ಳುವ ತರುಣಿಗೆ ಇದು ಹಗುರವಾದ ಸಂಗತಿಯಲ್ಲ. ಬದುಕಿನಲ್ಲಿ ಜನರ ಎದುರಿಗೆ ಮೊದಲ ಸಲ ತಲೆಯೆತ್ತಿ ನಿಲ್ಲಬೇಕಾದ ವಯಸ್ಸಿನಲ್ಲಿಯೇ ಅದು ತಲೆ ತಗ್ಗಿಸುವುದನ್ನು ಕಲಿಸುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ಈ ಬಾಧೆಗೆ ಇನ್ನೊಂದು ತೊಡಕು ಸೇರಿಕೊಂಡಿದೆ; ಅದು ದೂರ. ದಾಂಡೇಲಿಯು 1950ರ ದಶಕದ ಕೊನೆಯಿಂದ ಕಾಗದದ ಕಾರ್ಖಾನೆಯೊಡನೆ ಬೆಳೆದ ಊರು. ಹಳಿಯಾಳ ಧಾರವಾಡದ ಬಯಲಿಗೆ ಮುಖಮಾಡಿ ನಿಂತಿದೆ. ಜೋಯಿಡಾ ಎಂದರೆ ಕಾಡಿನ ನಡುವೆ ಚದರಿದ ಹಳ್ಳಿಗಳ ತಾಲ್ಲೂಕು. ಅದರ ಹಳೆಯ ಕೇಂದ್ರವಾಗಿದ್ದ ಸೂಪಾ ಕಾಳಿ ನದಿಯ ಅಣೆಕಟ್ಟಿನ ನೀರಿನಡಿಯಲ್ಲಿ ಮರೆಯಾಗಿದೆ. ಮುಂಡಗೋಡದ ಬಳಿ 1966ರಿಂದ ಟಿಬೆಟನ್ನರು ನೆಲೆಸಿದ್ದಾರೆ. ಈ ಸೀಮೆಯ ಬಹುಮಂದಿಗೆ ಚರ್ಮದ ಡಾಕ್ಟರನ್ನು ಕಾಣುವುದೆಂದರೆ ಹುಬ್ಬಳ್ಳಿ-ಧಾರವಾಡದ ಬಸ್ಸು ಹತ್ತುವುದೆಂದೇ ಅರ್ಥ. ಮೊಡವೆಗಾಗಿ ಒಂದು ದಿನದ ಕೆಲಸ ಬಿಟ್ಟು, ಬಸ್ಸಿನ ಖರ್ಚು ಮಾಡಿ ಹೋಗಬೇಕೆಂದರೆ ಮನೆಯಲ್ಲಿ ಒಂದು ಸಣ್ಣ ಸಭೆಯೇ ನಡೆಯಬೇಕಾಗುತ್ತದೆ.

ಹೀಗೆ ಹೋಗಿಬಂದವರ ಕೈಯಲ್ಲಿರುವ ಚೀಟಿಯಲ್ಲಿ ಸಾಮಾನ್ಯವಾಗಿ ಟ್ರೆಟಿನಾಯಿನ್ ಅಥವಾ ಅಡಾಪಲೀನ್ ಎಂಬ ಹೆಸರಿರುತ್ತದೆ. ರೆಟಿನಾಯ್ಡ್ ಎಂದು ಕರೆಯಲಾಗುವ ಈ ಲೇಪಗಳು ಎ ಜೀವಸತ್ವದ ಬಳಗಕ್ಕೆ ಸೇರಿದವು. 1913ರಲ್ಲಿ ಅಮೆರಿಕದ ಮೆಕಾಲಮ್ ಮತ್ತು ಮಾರ್ಗರೀಟ್ ಡೇವಿಸ್ ಅವರು ಬೆಣ್ಣೆಯ ಕೊಬ್ಬಿನಲ್ಲಿ ಬೆಳವಣಿಗೆಗೆ ಅವಶ್ಯವಾದ ಒಂದು ಅಂಶವನ್ನು ಗುರುತಿಸಿದರು. ಮುಂದೆ ಅದಕ್ಕೆ ಎ ಜೀವಸತ್ವವೆಂಬ ಹೆಸರು ಬಂದಿತು. ಅದರ ಆಮ್ಲರೂಪವೇ ಟ್ರೆಟಿನಾಯಿನ್. ಫಿಲಡೆಲ್ಫಿಯಾದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಅವರ ಸಂಗಡಿಗರು ಮೊಡವೆಗೆ ಅದರ ಉಪಯೋಗವನ್ನು 1969ರಲ್ಲಿ ಪ್ರಕಟಿಸಿದರು. 1971ರಲ್ಲಿ ಅಮೆರಿಕ ಸರ್ಕಾರದ ಅನುಮತಿ ದೊರೆಯಿತು. ಚರ್ಮಕ್ಕೆ ಅದಕ್ಕಿಂತ ಸೌಮ್ಯವಾದ ಅಡಾಪಲೀನ್ ಅಲ್ಲಿ ಬಳಕೆಗೆ ಬಂದುದು 1996ರಲ್ಲಿ.

ಈ ಲೇಪದ ಕೆಲಸವನ್ನು ತಿಳಿಯಬೇಕಾದರೆ ಮೊಡವೆಯ ಹುಟ್ಟನ್ನು ತಿಳಿಯಬೇಕು. ಚರ್ಮದ ಪ್ರತಿಯೊಂದು ರಂಧ್ರದ ಒಳಗೋಡೆಯಿಂದಲೂ ಸತ್ತ ಕಣಗಳು ಉದುರುತ್ತಲೇ ಇರುತ್ತವೆ. ಹರೆಯದಲ್ಲಿ ಜಿಡ್ಡು ಹೆಚ್ಚಾಗಿ, ಈ ಕಣಗಳು ಹೊರಬೀಳದೆ ಒಂದಕ್ಕೊಂದು ಅಂಟಿ ಬೆಣೆಯಾಗುತ್ತವೆ. ಬೆಣೆಯ ಹಿಂದೆ ಜಿಡ್ಡು ನಿಲ್ಲುತ್ತದೆ, ಸದಾ ಚರ್ಮದಲ್ಲಿರುವ ಸೂಕ್ಷ್ಮಜೀವಿಗಳು ಅಲ್ಲಿ ಬೆಳೆಯುತ್ತವೆ, ಊತ ಕಾಣಿಸುತ್ತದೆ. ಈ ಬೆಣೆ ಕಣ್ಣಿಗೆ ಕಾಣುವ ಮೊಡವೆಯಾಗಲು ಹಲವು ವಾರಗಳೇ ಬೇಕು. ಇಂದು ಮೂಗಿನ ಮೇಲೆ ಎದ್ದುದರ ಬೀಜ ಯಾವಾಗಲೋ ಬಿದ್ದಿರುತ್ತದೆ. ರೆಟಿನಾಯ್ಡ್ ಮಾಡುವುದು, ಕಣಗಳು ಅಂಟಿಕೊಳ್ಳದೆ ಕ್ರಮವಾಗಿ ಉದುರುವಂತೆ. ಎಂದರೆ ಇದು ಇಂದಿನ ಮೊಡವೆಗಿಂತ ಮುಂದಿನ ತಿಂಗಳ ಮೊಡವೆಗೆ ಮದ್ದು.

ಈ ಒಂದು ಮಾತು ತಿಳಿಯದೆ ಆಗುವ ಪಾಡನ್ನು ದಾಂಡೇಲಿಯ ಯಾವುದೇ ಒಂದು ಮನೆಯಲ್ಲಿ ಊಹಿಸಿಕೊಳ್ಳಬಹುದು. ತಂದೆ ಕಾರ್ಖಾನೆಯ ಪಾಳಿಗೆ ಹೋಗುವವನು. ಮಗಳು ಕಾಲೇಜಿಗೆ ಹೋಗುವವಳು. ಧಾರವಾಡದಿಂದ ಟ್ಯೂಬು ಬಂದಿದೆ. ಮೊದಲ ರಾತ್ರಿ ಬಹಳ ಉತ್ಸಾಹದಿಂದ, ಮೊಸರನ್ನಕ್ಕೆ ಉಪ್ಪಿನಕಾಯಿ ಬಡಿಸಿದಂತೆ ಧಾರಾಳವಾಗಿ ಹಚ್ಚಿಕೊಂಡಳು. ವಾರದೊಳಗೆ ಬಾಯಿಯ ಮೂಲೆ ಉರಿಯತೊಡಗಿತು; ಗದ್ದದ ಚರ್ಮ ಈರುಳ್ಳಿಯ ಸಿಪ್ಪೆಯಂತೆ ಏಳತೊಡಗಿತು. ಮೂರನೆಯ ವಾರಕ್ಕೆ ಒಳಗೆ ಅಡಗಿದ್ದ ಮೊಡವೆಗಳು ಒಟ್ಟಿಗೇ ಹೊರಬಿದ್ದವು. ಬಂದ ನೆಂಟಳು ಬಾಗಿಲಲ್ಲೇ ಕೇಳಿದಳು: “ಏನವ್ವಾ, ಮಾರಿಗೆ ಏನ್ ಹಚ್ಚೀ? ಮೊದಲ ಚಲೋ ಇತ್ತಲ್ಲ!” ತಾಯಿಯ ಧೈರ್ಯವೂ ಕುಸಿಯಿತು. “ಸಾಕು ಬಿಡವ್ವಾ ಆ ಟ್ಯೂಬು. ಇದ್ದದ್ದರ ಇರಲಿ,” ಎಂದಳು. ಮರುದಿನ ಟ್ಯೂಬು ಕಪಾಟಿನ ಮೂಲೆಗೆ ಸೇರಿತು.

ಆ ಮನೆಯಲ್ಲಿ ತಪ್ಪು ಮಾಡಿದವರು ಯಾರು? ಔಷಧ ತನ್ನ ಕೆಲಸವನ್ನು ಆರಂಭಿಸಿತ್ತು. ಹುಡುಗಿ ಆಸೆಯಿಂದ ಹಚ್ಚಿದ್ದಳು. ತಾಯಿ ಕರುಣೆಯಿಂದ ಬಿಡಿಸಿದಳು. ಇಲ್ಲದೆ ಹೋದುದು ಒಂದು ಮಾತು ಮಾತ್ರ: ಮೊದಲ ಕೆಲವು ವಾರ ಮುಖ ಒಣಗುತ್ತದೆ, ಕೆಲವರಿಗೆ ಮೊಡವೆ ಹೆಚ್ಚಾದಂತೆಯೂ ಕಾಣುತ್ತದೆ, ಫಲ ತಿಳಿಯಲು 8ರಿಂದ 12 ವಾರ ಬೇಕು ಎಂಬ ಮಾತು. ಅದನ್ನು ಕೇಳಿ ತಿಳಿದವಳು ನಾಲ್ಕನೆಯ ವಾರದಲ್ಲಿ ಹೆದರುವುದಿಲ್ಲ. ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಹಚ್ಚಿ ಮುಂದುವರಿಯುತ್ತಾಳೆ. ಎರಡು-ಮೂರು ತಿಂಗಳಿಗೆ ಹೊಸ ಮೊಡವೆ ಏಳುವುದು ಕಡಿಮೆಯಾಗಿದೆಯೆಂದು ಅವಳಿಗಿಂತ ಮುಂಚೆ ಗೆಳತಿಯರೇ ಗಮನಿಸುತ್ತಾರೆ. ಔಷಧ ಒಂದೇ, ಉರಿಯೂ ಹೆಚ್ಚುಕಡಿಮೆ ಒಂದೇ. ಒಬ್ಬಳಿಗೆ ಅದು ವಾಸಿಯಾಗುವ ಗುರುತು, ಇನ್ನೊಬ್ಬಳಿಗೆ ಕೇಡಿನ ಗುರುತು.

ತಾಳ್ಮೆ ತಪ್ಪಿದವರು ಹಿಡಿಯುವ ಅಡ್ಡದಾರಿ ಇನ್ನೂ ದೊಡ್ಡ ಗಂಡಾಂತರ. ಹದಿನೈದು ದಿನದಲ್ಲಿ ಮದುವೆಯಿದೆ, ಮುಖ ತಿಳಿಯಾಗಬೇಕು ಎಂದು ಔಷಧದ ಅಂಗಡಿಗೆ ಹೋದವರಿಗೆ ಮೂರು ಮದ್ದುಗಳನ್ನು ಬೆರೆಸಿದ ಕ್ರೀಮು ಸಿಗುವುದುಂಟು: ಬಣ್ಣ ತಿಳಿಗೊಳಿಸುವ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಮೊಮೆಟಾಸೋನ್ ಎಂಬ ಸ್ಟಿರಾಯ್ಡ್. ವೈದ್ಯರು ಬಂಗಿನಂಥ ಕಲೆಗಳಿಗೆ ಕೆಲವೇ ವಾರಗಳ ಮಟ್ಟಿಗೆ ಕೊಡಬಹುದಾದ ಈ ಮಿಶ್ರಣವನ್ನು ಜನ ವರ್ಷಗಟ್ಟಲೆ ಸ್ನೋ-ಪೌಡರಿನಂತೆ ಬಳಸುತ್ತಾರೆ. ಸ್ಟಿರಾಯ್ಡ್ ಊತವನ್ನು ಕೂಡಲೇ ಅಡಗಿಸುವುದರಿಂದ ಕೆಲವೇ ದಿನಗಳಲ್ಲಿ ಮುಖ ಹೊಳೆಯುತ್ತದೆ. ಹಚ್ಚುವುದನ್ನು ಬಿಟ್ಟೊಡನೆ ಕೆಂಪೇರಿ ಉರಿಯುತ್ತದೆ. ಮತ್ತೆ ಹಚ್ಚದೆ ವಿಧಿಯಿಲ್ಲ. ಹೀಗೆ ಚರ್ಮ ತೆಳುವಾಗಿ, ರಕ್ತನಾಳಗಳು ಎದ್ದು ಕಂಡು, ಕೂದಲು ಬೆಳೆದು, ಮೊದಲಿಲ್ಲದಷ್ಟು ಮೊಡವೆಗಳು ಏಳುತ್ತವೆ. ದೇಶದ ಚರ್ಮವೈದ್ಯರು ವರ್ಷಗಳ ಕಾಲ ಇದರ ವಿರುದ್ಧ ದನಿಯೆತ್ತಿದ ಮೇಲೆ, 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿಯಮ ಮಾಡಿತು. ಆದರೆ ನಿಯಮ ಗೆಜೆಟ್ಟಿನಲ್ಲಿರುತ್ತದೆ, ಕ್ರೀಮು ಅಂಗಡಿಯ ಕಪಾಟಿನಲ್ಲಿರುತ್ತದೆ. ಇದರಲ್ಲಿ ಇನ್ನೊಂದು ಅನ್ಯಾಯವೂ ಇದೆ. ಮುಖ ಕೆಟ್ಟವರು ಟ್ಯೂಬಿನ ಮೇಲೆ ಟ್ರೆಟಿನಾಯಿನ್ ಎಂಬ ಹೆಸರನ್ನು ಓದಿ, ಅದರಿಂದಲೇ ಕೆಟ್ಟಿತೆಂದು ನಾಲ್ಕು ಮಂದಿಗೆ ಹೇಳುತ್ತಾರೆ. ಜೊತೆಗಿದ್ದ ಸ್ಟಿರಾಯ್ಡಿನ ಅಪವಾದ ಅದರ ತಲೆಗೆ ಬರುತ್ತದೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ಮುಖಗಳೂ ಒಂದೇ ಬಗೆಯವಲ್ಲ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿಯಾದ ಸಿದ್ದಿಗಳು ಇಲ್ಲಿದ್ದಾರೆ. ಮುಂಡಗೋಡದ ಮಠಗಳಲ್ಲಿ ಟಿಬೆಟನ್ ತರುಣ ಭಿಕ್ಷುಗಳಿದ್ದಾರೆ. ಕುಣಬಿಗಳು, ಗೌಳಿಗಳು, ಬಯಲುಸೀಮೆಯಿಂದ ಬಂದು ನೆಲೆಸಿದವರಿದ್ದಾರೆ. ತಿಳಿಬಣ್ಣದ ಮುಖದಲ್ಲಿ ಔಷಧದ ಉರಿ ಕೆಂಪಾಗಿ ಕಾಣುತ್ತದೆ, ಕಂಡವರು ಎಚ್ಚರಗೊಳ್ಳುತ್ತಾರೆ. ಕಪ್ಪು ಬಣ್ಣದ ಮುಖದಲ್ಲಿ ಕೆಂಪು ಎದ್ದು ಕಾಣದು. ಉರಿ ಮಾತ್ರ ಅಷ್ಟೇ ಇರುತ್ತದೆ. ಅದನ್ನು ಲಕ್ಷಿಸದೆ ಹಚ್ಚುತ್ತ ಹೋದರೆ ಆ ಉರಿಯೇ ಹೊಸ ಕಪ್ಪು ಕಲೆಯನ್ನು ಉಳಿಸುತ್ತದೆ. ಮೊಡವೆ ಬಿಟ್ಟುಹೋದ ಕಲೆಯನ್ನು ತಿಂಗಳುಗಳ ಅವಧಿಯಲ್ಲಿ ತಿಳಿಗೊಳಿಸಬಲ್ಲ ಔಷಧವೇ ಅವಸರದಲ್ಲಿ ಕಲೆಯನ್ನು ತರಲೂ ಬಲ್ಲದು. ಆದಕಾರಣ ಬಣ್ಣ ಗಾಢವಾದಷ್ಟೂ ಆರಂಭ ಮೆಲ್ಲಗಿರಬೇಕು.

ಬಳಸಿ ಪಾಠ ಕಲಿತವರು ಹೇಳುವ ನಿಯಮಗಳು ಬಹಳವಿಲ್ಲ. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ಹೆಚ್ಚು ಹಚ್ಚಿದರೆ ಹೆಚ್ಚುವುದು ಉರಿಯೇ ಹೊರತು ಗುಣವಲ್ಲ. ಟ್ರೆಟಿನಾಯಿನ್ ಬೆಳಕಿಗೆ ಕೆಡುವಂಥದು, ಆದುದರಿಂದ ಅದು ರಾತ್ರಿಯ ಮದ್ದು. ಮುಖ ತೊಳೆದು, ಪೂರ್ಣ ಒಣಗಿದ ಮೇಲೆ ಹಚ್ಚಬೇಕು. ಕಣ್ಣಿನ ಸುತ್ತ, ಮೂಗಿನ ಮಡಿಕೆ, ತುಟಿಯಂಚುಗಳನ್ನು ಬಿಡಬೇಕು. ಒಣಗುವ ಚರ್ಮಕ್ಕೆ ಸಾದಾ ತೇವದ ಕ್ರೀಮು ಬೇಕು. ಹಗಲು ಸನ್‌ಸ್ಕ್ರೀನ್ ಬೇಕು. ಜೋಯಿಡಾದ ಮಳೆಗಾಲದಲ್ಲಿ ಸೂರ್ಯನೇ ಕಾಣನೆಂದು ಬಿಡುವವರುಂಟು, ಆದರೆ ಚರ್ಮವನ್ನು ಸುಡುವ ಕಿರಣ ಮೋಡವನ್ನೂ ದಾಟಿ ಬರುತ್ತದೆ. ಅಜ್ಜಿಯ ನಿಂಬೆರಸಕ್ಕೆ ಈ ಕಾಲದಲ್ಲಿ ರಜೆ ಕೊಡಬೇಕು. ಹಬ್ಬದ ಮುನ್ನಾದಿನ ಬ್ಯೂಟಿ ಪಾರ್ಲರಿಗೆ ಹೋಗಿ ಮೇಲ್ದುಟಿಗೆ ವ್ಯಾಕ್ಸ್ ಮಾಡಿಸಿಕೊಂಡು, ಕೂದಲಿನೊಡನೆ ಚರ್ಮವನ್ನೂ ಕಳೆದುಕೊಂಡವರ ಗೋಳು ಬೇರೆ. ಎಲ್ಲಕ್ಕಿಂತ ಮುಖ್ಯವಾದುದು, ಗರ್ಭಿಣಿಯರೂ ಗರ್ಭವತಿಯಾಗಲು ಬಯಸುವವರೂ ಈ ಲೇಪವನ್ನು ಬಳಸಬಾರದು. ಇದೇ ಬಳಗದ, ನುಂಗುವ ಮಾತ್ರೆಯಾದ ಐಸೊಟ್ರೆಟಿನಾಯಿನ್ ಗರ್ಭದ ಶಿಶುವಿಗೆ ಘೋರವಾದ ಅಂಗವೈಕಲ್ಯವನ್ನು ತರಬಲ್ಲದೆಂಬುದು ಸಿದ್ಧವಾದ ಸಂಗತಿ. ಹೊಸದಾಗಿ ಮದುವೆಯಾದ ಮಗಳು ತವರಿನಿಂದ ಹಳೆಯ ಟ್ಯೂಬನ್ನು ಒಯ್ಯುವ ಮುನ್ನ ತಾಯಿ ಈ ಮಾತನ್ನು ಹೇಳಬೇಕು.

ಹೇಳುವುದು, ಹೇಳದಿರುವುದು ಈ ಔಷಧದ ಚರಿತ್ರೆಯಲ್ಲಿಯೇ ಒಂದು ನೋವಿನ ಅಧ್ಯಾಯ. ಕ್ಲಿಗ್‌ಮನ್ ಅವರ ಪ್ರಯೋಗಗಳಲ್ಲಿ ಬಹಳಷ್ಟು ನಡೆದುದು ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಕಾರಾಗೃಹದಲ್ಲಿ. ಕೈದಿಗಳಲ್ಲಿ ಹೆಚ್ಚಿನವರು ಕರಿಯರು. ಅಲ್ಪ ಹಣಕ್ಕೆ ಬೆನ್ನನ್ನು ಒಡ್ಡಿದವರು. ತಮ್ಮ ಮೈಗೆ ಏನು ಹಚ್ಚಲಾಗುತ್ತಿದೆ, ಅದರಿಂದ ಏನಾದೀತು ಎಂಬುದನ್ನು ಅವರಿಗೆ ಸರಿಯಾಗಿ ತಿಳಿಸಿರಲಿಲ್ಲ. ಪ್ರಯೋಗಗಳು 1974ರಲ್ಲಿ ನಿಂತವು. ಆ ನಗರದ ಆಡಳಿತ ಕ್ಷಮೆ ಕೇಳಿದುದು 2022ರಲ್ಲಿ. ಇಂದು ಹಳ್ಳಿಯ ಹುಡುಗನೊಬ್ಬ ನಿಶ್ಚಿಂತೆಯಿಂದ ಕೆನ್ನೆಗೆ ಸವರಿಕೊಳ್ಳುವ ಲೇಪದ ಹಿಂದೆ, ಕೇಳಿ ತಿಳಿಯುವ ಹಕ್ಕಿಲ್ಲದವರ ಮೈ ಇದೆ. ಆ ಋಣವನ್ನು ತೀರಿಸುವ ಬಗೆ ಯಾವುದಾದರೂ ಇದ್ದರೆ, ಇಂದಿನ ರೋಗಿಗಾದರೂ ಎಲ್ಲವನ್ನೂ ತಿಳಿಸಿ ಕೊಡುವುದೇ ಅದು.

ತಿಳಿಸಲು ಹೆಚ್ಚು ಹೊತ್ತು ಬೇಕಾಗಿಲ್ಲ. ನೂರು ಮಂದಿ ಕಾದಿರುವ ಆಸ್ಪತ್ರೆಯ ಡಾಕ್ಟರಿಗೆ ಎರಡು ನಿಮಿಷ ಸಿಗದೆ ಹೋದರೆ, ಟ್ಯೂಬು ಕೊಡುವ ಅಂಗಡಿಯವನೂ ಆ ಮಾತನ್ನು ಹೇಳಬಹುದು: “ತಂಗೀ, ಮೊದಲ ಒಂದ್ ತಿಂಗಳ ಉರೀತದ, ಹೆದರಬ್ಯಾಡ. ಭಾಳ ಆತಂದ್ರ ಎರಡ ದಿನಾ ಬಿಡು, ಡಾಕ್ಟರಿಗೆ ಫೋನ್ ಮಾಡು.” ಮನೆಯವರು ಮಾಡಬೇಕಾದುದು ಇನ್ನೂ ಸುಲಭ. ಹಚ್ಚಲು ಆರಂಭಿಸಿದ ದಿನದಿಂದ ಹನ್ನೆರಡು ವಾರ ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿ, ಆ ದಿನ ಬರುವ ತನಕ ಮಗಳ ಮುಖದ ವಿಷಯವನ್ನು ಊಟದ ಹೊತ್ತಿಗೆ ಎತ್ತದಿದ್ದರೆ ಸಾಕು. ಬಂದ ನೆಂಟರು ಎತ್ತಿದರೆ ಮಾತನ್ನು ಮಳೆಯ ಕಡೆಗೆ ತಿರುಗಿಸಬಹುದು. ಆ ಸೀಮೆಯಲ್ಲಿ ಮಳೆಯ ವಿಷಯಕ್ಕೆ ಎಂದೂ ಬರಗಾಲವಿಲ್ಲ.