ಮಾವನ ತೋಟದ ಮೂರು ಗುಂಡಿಗಳು

ಡಿಸೆಂಬರ್ ಕೊನೆಯಲ್ಲಿ ಆಫೀಸಿಗೆ ನಾಲ್ಕು ದಿನ ರಜೆ ಹಾಕಿ, ಹೆಂಡತಿ, ಮಗಳ ಜೊತೆ ಮೂಡಿಗೆರೆ ಕಡೆಯ ಸೋದರಮಾವನ ಕಾಫಿ ತೋಟಕ್ಕೆ ಹೋಗಿದ್ದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ತೋಟ ಸೇರುವಾಗ ಅರೇಬಿಕಾ ಕೊಯ್ಲು ಜೋರಾಗಿ ನಡೆದಿತ್ತು. ನಾಲ್ಕು ವರ್ಷದ ಮಗಳು ಕಾರಿಳಿದವಳೇ "ಅಪ್ಪಾ, ಹಳ್ಳಕ್ಕೆ ಇಳೀಲಾ?" ಅಂದಳು. ನಾನು ಥಟ್ಟನೆ "ಬೇಡ" ಅಂದೆ.

ಕಾರಣವಿತ್ತು. ನಾನು ಚಿಕ್ಕವನಿದ್ದಾಗ ಕ್ರಿಸ್‌ಮಸ್ ರಜೆಗೆ ಬಂದರೆ ಆ ಹಳ್ಳ ಕಪ್ಪಗಿರುತ್ತಿತ್ತು. ಮೇಲೆ ನೊರೆ, ಹತ್ತಿರ ಹೋದರೆ ಹುಳಿ ನಾತ. ಒಮ್ಮೆ ಮೀನುಗಳು ಸತ್ತು ತೇಲುತ್ತಿದ್ದದ್ದನ್ನು ನೋಡಿ ಅತ್ತುಬಿಟ್ಟಿದ್ದೆ. ಆ ಕೊಳಕು ನೀರು ಬರ್ತಿದ್ದದ್ದು ನಮ್ಮ ಮಾವನದೇ ಪಲ್ಪಿಂಗ್ ಮನೆಯಿಂದ.

ಕಾಫಿ ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸುತ್ತಾರೆ. ತೂಕದಲ್ಲಿ ಹಣ್ಣಿನ ಸುಮಾರು ಶೇ. 40 ಭಾಗ ಸಿಪ್ಪೆಯೇ. ಬೀಜಕ್ಕೆ ಅಂಟಿದ ಸಿಹಿ ಲೋಳೆ ಬಿಡಲೆಂದು ತೊಟ್ಟಿಯಲ್ಲಿ ಹುಳಿಯಲು ಬಿಟ್ಟು, ಆಮೇಲೆ ತೊಳೆಯುತ್ತಾರೆ. ಆ ನೀರಿನಲ್ಲಿರುವುದು ಹೆಚ್ಚಾಗಿ ಹಣ್ಣಿನ ಸಕ್ಕರೆಯೇ. ಆದರೆ ಹಳ್ಳ ಸೇರಿದರೆ ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳು ವಿಪರೀತ ಹೆಚ್ಚಿ ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಮಳೆಗಾಲವಾದರೆ ಕೊಚ್ಚಿಕೊಂಡಾದರೂ ಹೋದೀತು. ಕೊಯ್ಲು ಬರುವುದು ಹಳ್ಳ ಸೊರಗುವ ಹೊತ್ತಿಗೇ!

"ಇಳೀಲಿ ಬಿಡೋ. ಮೊದ್ಲು ನೀನಿಲ್ಲಿ ಬಾ" ಅಂತ ಮಾವ ನನ್ನನ್ನು ಕಣದ ಹಿಂದೆ ಕರೆದೊಯ್ದರು. ಅಲ್ಲಿ ಮೂರು ಗುಂಡಿಗಳು. ನೀರು ಇಂಗಿ ಬಾವಿ ಸೇರದಂತೆ ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ. ಮೊದಲನೆಯದರಲ್ಲಿ ಸುಣ್ಣ ಹಾಕಿ ಹುಳಿ ಮುರಿಯುತ್ತಾರೆ. ಎರಡನೆಯದು ಆಳವಾದದ್ದು, ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಾಣುಗಳ ಕೆಲಸ ಅಲ್ಲಿ. ಮೂರನೆಯದರಲ್ಲಿ ನೀರಿಗೆ ಗಾಳಿ ಕೊಡುತ್ತಾರೆ. ಪಲ್ಪರ್‌ನಲ್ಲಿ ಬಳಸಿದ ನೀರನ್ನೇ ಮತ್ತೆ ಬಳಸುವುದರಿಂದ ಗುಂಡಿಗೆ ಬರುವ ನೀರೂ ಕಡಿಮೆ. ಸಿಪ್ಪೆಯನ್ನು ಸಗಣಿ, ತರಗೆಲೆ ಜೊತೆ ರಾಶಿ ಹಾಕಿದರೆ ಕೆಲವು ತಿಂಗಳಲ್ಲಿ ಗೊಬ್ಬರವಾಗಿ ತೋಟಕ್ಕೇ ವಾಪಸ್.

"ಇಷ್ಟೆಲ್ಲ ಯಾಕೆ ಮಾಡಿದ್ರಿ ಮಾವ? ನೋಟಿಸ್ ಬಂತಾ?"

"ನೋಟಿಸ್ ಅಲ್ವೋ. ಕೆಳಗಿನ ಗದ್ದೆಯವ್ರು ಒಂದಿನ ಬಂದ್ರು. ಜಗಳ ಆಡ್ಲಿಲ್ಲ. ಒಂದು ಚೊಂಬು ಹಳ್ಳದ ನೀರು ಜಗಲಿ ಮೇಲಿಟ್ಟು, ನಮ್ಮ ದನ ಇದನ್ನ ಮೂಸಿ ವಾಪಸ್ ಬರ್ತಾವೆ, ನೀವು ಕುಡೀತೀರಾ ಅಂದ್ರು. ಅವತ್ತು ಊಟ ಸೇರ್ಲಿಲ್ಲ ಮಾರಾಯ."

ನಾನು ಸುಮ್ಮನಾದೆ. ಈ ಹಳ್ಳ ಸೇರುವುದು ಹೇಮಾವತಿಯನ್ನು. ಹೇಮಾವತಿ ಕೆಆರ್‌ಎಸ್ ಹಿನ್ನೀರಿನಲ್ಲಿ ಕಾವೇರಿ ಸೇರುತ್ತಾಳೆ. ಬೆಂಗಳೂರಿನ ನಮ್ಮ ನಲ್ಲಿಗೆ ಬರುವುದು ಅದೇ ಕಾವೇರಿ. ದಿನಾ ಬೆಳಗ್ಗೆ ಫಿಲ್ಟರ್‌ಗೆ ಹಾಕುವ ಪುಡಿಯೂ ನೀರೂ ಒಂದೇ ಕಡೆಯಿಂದ ಬರುತ್ತವೆ ಅಂತ ನಾನು ಯೋಚಿಸಿಯೇ ಇರಲಿಲ್ಲ.

ಮಗಳು ಹಳ್ಳಕ್ಕೆ ಇಳಿದಳು. ಪುಟ್ಟ ಮೀನುಗಳು ಕಾಲಿಗೆ ಕಚಗುಳಿ ಇಟ್ಟವು.

ಮರುದಿನ ಬೆಳಗ್ಗೆ ಹೋದರೆ ಬಂಡೆ ಮಗ್ಗುಲಲ್ಲಿ ತೆಳ್ಳಗೆ ನೊರೆ, ಅದೇ ಹುಳಿ ನಾತ. ಮೇಲಿನ ತೋಟದಿಂದ ಯಾರೋ ರಾತ್ರಿ ನೀರು ಬಿಟ್ಟಿದ್ದರು. ಮಗಳನ್ನು ಇಳಿಯಲು ಬಿಡಲಿಲ್ಲ, ಅವಳು ಅಳುತ್ತಲೇ ಇದ್ದಳು. ಮಾವ ಏನೂ ಹೇಳದೆ ಒಳಗೆ ಹೋಗಿ ಅಂಗಿ ತೊಟ್ಟು, ಒಂದು ಚೊಂಬು ಹಿಡಿದು ಬಂದರು. ಹಳ್ಳದ ನೀರು ತುಂಬಿಕೊಂಡು ಮೇಲಿನ ತೋಟದ ದಾರಿ ಹಿಡಿದರು.

ನೀವೂ ಈ ಚಳಿಗಾಲದಲ್ಲಿ ಮಲೆನಾಡಿನ ಹೋಂಸ್ಟೇಗೆ ಹೋದರೆ, ಕಾಫಿ ಚೆನ್ನಾಗಿದೆ ಅಂದ ಮೇಲೆ ಇನ್ನೊಂದು ಮಾತೂ ಕೇಳಿ: "ಪಲ್ಪಿಂಗ್ ನೀರು ಎಲ್ಲಿಗೆ ಬಿಡ್ತೀರಿ?"